ಮೇಲೆ ಮಹಡಿ ಕಟ್ಟಬೇಕು, ಆದರೆ ಬಿಸಿ ತಡೆಯೋದು ಹೇಗೆ? ಹಾಸನದವರು ದಯವಿಟ್ಟು ಹೇಳಿ

ಸುಮಾ ವಿದ್ಯಾನಗರ · ಮಾರ್ಚ್ 9, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ನಮ್ಮದು 30-40 ಸೈಟಿನಲ್ಲಿ ಒಂದಂತಸ್ತಿನ ಆರ್‌ಸಿಸಿ ಮನೆ. ಕಟ್ಟಿ ಹದಿನಾಲ್ಕು ವರ್ಷವಾಯಿತು. ಮೊದಲ ಕೆಲವು ವರ್ಷ ಬೇಸಿಗೆಯಲ್ಲೂ ಫ್ಯಾನ್ ಒಂದರಲ್ಲಿ ಇಟ್ಟರೆ ಸಾಕಾಗುತ್ತಿತ್ತು. ಈಗ ಹಾಗಿಲ್ಲ. ಮೊನ್ನೆ ಅಟ್ಟದ ಸಾಮಾನು ತೆಗೆಯಲು ಏಣಿ ಹತ್ತಿದಾಗ ತಲೆ ಮೇಲಿನ ಮೋಲ್ಡಿಗೆ ಕೈ ತಾಗಿತು. ರಾತ್ರಿ ಹತ್ತು ಗಂಟೆ. ಒಲೆಯಿಂದ ಇಳಿಸಿಟ್ಟ ಕಾವಲಿಯ ಹಾಗೆ ಬೆಚ್ಚಗಿತ್ತು. ಇನ್ನೂ ಮಾರ್ಚ್ ಮೊದಲ ವಾರ!

ಅತ್ತೆಗೆ 78 ವರ್ಷ. ಹೋದ ಏಪ್ರಿಲ್‌ನಲ್ಲಿ ಬೆಳಗಿನ ಜಾವ ಎದ್ದವರು ತಲೆ ಸುತ್ತಿ ಬಿದ್ದರು. ಮೈಯಲ್ಲಿ ನೀರಿನ ಅಂಶ ಕಡಿಮೆಯಾಗಿದೆ ಎಂದರು ಡಾಕ್ಟರು. ರಾತ್ರಿಯಿಡೀ ಬೆವರಿ, ಬಾತ್‌ರೂಮಿಗೆ ಏಳಬೇಕಾಗುತ್ತದೆ ಎಂದು ನೀರೂ ಕುಡಿಯದೆ ಮಲಗುತ್ತಿದ್ದರು. ಅದು ನನಗೆ ಆಮೇಲೆ ಗೊತ್ತಾಯಿತು. ಅವತ್ತಿನಿಂದ ಇದೇ ಯೋಚನೆ.

ಈಗ ಮೇಲೊಂದು ಮಹಡಿ ಕಟ್ಟುವವರಿದ್ದೇವೆ. ಕಂಟ್ರಾಕ್ಟರ್ ಸಾಲಿಡ್ ಬ್ಲಾಕ್, ಮೋಲ್ಡ್, ಮುಂದೆ ಪೂರ್ತಿ ಗ್ಲಾಸ್ ಅನ್ನುತ್ತಾರೆ. ಮಗ ಎರಡು ಎಸಿ ಹಾಕಿಸೋಣ ಅನ್ನುತ್ತಾನೆ. ಮಗಳು ಸಿಮೆಂಟಿನಿಂದಲೇ ಭೂಮಿ ಬಿಸಿಯಾಗುತ್ತಿದೆ, ಅದನ್ನೇ ಸುರಿದು ಆಮೇಲೆ ಎಸಿ ಹಾಕುತ್ತೀರಾ ಎಂದು ಜಗಳಕ್ಕೆ ಬರುತ್ತಾಳೆ. ಬೇರೆ ದಾರಿ ಇದೆಯಾ? ಮಾಡಿ ನೋಡಿದವರು ಹೇಳಿ.

ರಘು ಬಿ.ಎಂ. ರೋಡ್ · 10:20

ಎಸಿ ಹಾಕಿಸಿ ಅಕ್ಕ, ಸುಮ್ನೆ ಯಾಕೆ ತಲೆನೋವು. ಹಾಸನ ಬಡವರ ಊಟಿ ಆಗಿದ್ದ ಕಾಲ ಮುಗಿಯಿತು.

ರೂಪಾ ಅರಸೀಕೆರೆ · 10:41

ಎಸಿ ಒಳಗಿನ ಬಿಸಿಯನ್ನು ಹೊರಗೆ ದಬ್ಬುತ್ತದೆ ರಘು, ಜೊತೆಗೆ ತಾನು ಉರಿಸಿದ ಕರೆಂಟಿನ ಬಿಸಿಯನ್ನೂ. ನಮ್ಮ ಪಕ್ಕದ ಮನೆಯ ಎಸಿ ಡಬ್ಬ ನಮ್ಮ ಕಿಟಕಿಗೆ ಎದುರಾಗಿದೆ. ರಾತ್ರಿ ಆ ಕಿಟಕಿ ತೆಗೆಯುವ ಹಾಗೇ ಇಲ್ಲ. ಬೀದಿಯವರೆಲ್ಲ ಹಾಕಿದರೆ ಹಾಕದವರ ಪಾಡೇನು?

ರಘು ಬಿ.ಎಂ. ರೋಡ್ · 10:44

ಸರಿ, ಆದರೆ 78 ವರ್ಷದವರಿಗೆ ಇವತ್ತು ರಾತ್ರಿ ನಿದ್ದೆ ಬರಬೇಕಲ್ವಾ? ಮರ ನೆಟ್ಟು ಹತ್ತು ವರ್ಷ ಕಾಯೋಕಾಗಲ್ಲ.

ಗಿರೀಶ್ ಸಿವಿಲ್ · 11:30

ರಘು ಹೇಳಿದ್ದರಲ್ಲಿ ಅರ್ಥ ಇದೆ. ಹಿರಿಯರ ಕೋಣೆಗೆ ಒಂದು ಎಸಿ ಬೇಕೆನಿಸಿದರೆ ಹಾಕಿಸಿ, ತಪ್ಪೇನಿಲ್ಲ. ಆದರೆ ಮೊದಲು ಬಿಸಿ ಒಳಗೆ ಬರುವ ಬಾಗಿಲು ಯಾವುದು ನೋಡಿ. ನಮ್ಮ ಮನೆಗಳಲ್ಲಿ ಅದು ತಾರಸಿ.

ಕಾಂಕ್ರೀಟು ಬಿಸಿಯನ್ನು ಕುಡಿದು ಇಟ್ಟುಕೊಳ್ಳುವ ವಸ್ತು. ಮಧ್ಯಾಹ್ನ ಕುಡಿದದ್ದನ್ನು ಸಂಜೆಯಿಂದ ನಿಧಾನಕ್ಕೆ ಕೆಳಗೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸಿದರೂ ಒಳಗೆ ಬೇಯುವುದು ಇದಕ್ಕೇ. ಮನೆಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆ ಎಂಬ ನಿಯಮಾವಳಿ ಇದೆ. ಛಾವಣಿಯ ಮೂಲಕ ಬಿಸಿ ದಾಟುವ ಪ್ರಮಾಣ, ಅಂದರೆ ಯು-ವ್ಯಾಲ್ಯೂ, 1.2 ಮೀರಬಾರದು ಅನ್ನುತ್ತದೆ ಅದು. ನಾವು ಹಾಕುವ ಬರಿ ಮೋಲ್ಡಿನದು ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ಇಷ್ಟು ವರ್ಷದಲ್ಲಿ ಅದನ್ನು ಕೇಳಿ ಮನೆ ಕಟ್ಟಿಸಿದ ಒಬ್ಬ ಮಾಲೀಕರನ್ನೂ ನಾನು ನೋಡಿಲ್ಲ.

ಇನ್ನೊಂದು ಮಾತು. ಮೇಲೆ ಮಹಡಿ ಬಂದರೆ ಕೆಳಮನೆ ತಾನಾಗಿಯೇ ತಂಪಾಗುತ್ತದೆ, ಬಿಸಿಲು ತಿನ್ನುವುದು ಮೇಲಿನವರ ಪಾಲು. ಅತ್ತೆಯವರನ್ನು ಕೆಳಗೇ ಇರಿಸಿ. ಮೇಲಿನ ಛಾವಣಿಗೆ ದುಡ್ಡು ಹಾಕಿ, ಗ್ಲಾಸಿಗೆ ಬೇಡ.

ನಿವೃತ್ತ ಮೇಷ್ಟ್ರು · 12:15

ತಾರಸಿಗೇ ಯಾಕೆ ಇಷ್ಟು ಪೆಟ್ಟು ಅಂದರೆ, ಹಾಸನ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24-25ರ ಸುಮಾರಿಗೆ ಸೂರ್ಯ ನೇರ ನಮ್ಮ ನೆತ್ತಿಯ ಮೇಲೆ. ಮಧ್ಯಾಹ್ನ 12:25ರ ಹೊತ್ತಿಗೆ ಅಂಗಳದಲ್ಲಿ ಕೋಲು ನಿಲ್ಲಿಸಿದರೆ ನೆರಳೇ ಬೀಳುವುದಿಲ್ಲ. ಶಾಲೆಯಲ್ಲಿ ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತಿದ್ದೆ. ಆ ದಿನಗಳಲ್ಲಿ ಉತ್ತರ, ದಕ್ಷಿಣದ ಗೋಡೆಗಳಿಗೆ ಬಿಸಿಲು ಅಷ್ಟಾಗಿ ಬೀಳುವುದಿಲ್ಲ. ತಾರಸಿ ಬೆಳಿಗ್ಗೆಯಿಂದ ಸಂಜೆವರೆಗೆ ತಿನ್ನುತ್ತದೆ. ಆಮೇಲೆ ಪಡುವಣ ಗೋಡೆ.

ಹಳೆಯ ಹಂಚಿನ ಮನೆಗಳಲ್ಲಿ ಈ ತಾಪತ್ರಯವೇ ಇರಲಿಲ್ಲ. ಹಂಚಿನ ಸಂದಿಯಲ್ಲಿ ಬಿಸಿ ಗಾಳಿ ಮೇಲೆ ಹೋಗುತ್ತಿತ್ತು. ಕೆಳಗೆ ಮರದ ಅಟ್ಟ, ನಡುವೆ ತೊಟ್ಟಿ. ನಾವು ಫ್ಯಾನ್ ಕಂಡದ್ದೇ ಕಾಲೇಜಿನಲ್ಲಿ.

ಶಾಂತಲಾ ಬೇಲೂರು · 12:32

ಮೇಷ್ಟ್ರೇ, ಕ್ಷಮಿಸಿ. ಹಂಚಿನ ಮನೆ ಎಂದರೆ ಎಲ್ಲರೂ ತಂಪು ಮಾತ್ರ ನೆನೆಯುತ್ತಾರೆ. ಪ್ರತಿ ವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸಬೇಕಿತ್ತು. ಕೋತಿ ಒಂದು ಸಲ ಓಡಾಡಿದರೆ ಇಪ್ಪತ್ತು ಹಂಚು ಚೂರು. ಸೋರುವ ಕಡೆಗೆಲ್ಲ ಪಾತ್ರೆ ಇಟ್ಟು ರಾತ್ರಿ ಎದ್ದು ಚೆಲ್ಲುತ್ತಿದ್ದದ್ದು ಮನೆಯ ಹೆಂಗಸರು. ನಮ್ಮಮ್ಮ ಮೋಲ್ಡ್ ಮನೆಗೆ ಹೋದ ದಿನ ಖುಷಿಗೆ ಅತ್ತಿದ್ದರು.

ನಿವೃತ್ತ ಮೇಷ್ಟ್ರು · 12:50

ನಿಜ ತಾಯಿ. ಆ ಪಾತ್ರೆ ಚೆಲ್ಲಿದವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮಂಜಣ್ಣ ಮೇಸ್ತ್ರಿ · ಮಧ್ಯಾಹ್ನ 1:40

ನಾನು ಮೂವತ್ತು ವರ್ಷದಿಂದ ಗಾರೆ ಕೆಲಸದಲ್ಲಿದ್ದೇನೆ. ಅಕ್ಕಾ, ಮೊದಲು ಈಗಿರುವ ತಾರಸಿಗೆ ಸುಣ್ಣ ಹೊಡೆಸಿ. ಮಹಡಿ ಆಗುವ ತನಕವಾದರೂ ಅತ್ತೆಯವರು ಸುಧಾರಿಸಿಕೊಳ್ಳುತ್ತಾರೆ.

ಮಾಡುವ ರೀತಿ ಹೇಳುತ್ತೇನೆ. ತಂತಿ ಬ್ರಷ್ ಹಾಕಿ ಪಾಚಿ, ಧೂಳು ಎಲ್ಲ ಉಜ್ಜಿ ತೊಳೆಯಿರಿ. ಬಿರುಕು ಇದ್ದರೆ ಮೊದಲು ಅದನ್ನು ತುಂಬಿ, ಸುಣ್ಣ ಸೋರುವುದನ್ನು ನಿಲ್ಲಿಸುವುದಿಲ್ಲ. ಸುಟ್ಟ ಸುಣ್ಣ ತಂದು ನೀರಲ್ಲಿ ಅರಳಿಸಿ ಒಂದು ರಾತ್ರಿ ಬಿಡಿ. ಅರಳುವಾಗ ಕುದಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ, ಪ್ಲಾಸ್ಟಿಕ್ ಬಕೆಟ್ ಬೇಡ, ಕಣ್ಣಿಗೆ ಕನ್ನಡಕ ಇರಲಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಸ್ವಲ್ಪ ಬಿಳಿ ಸಿಮೆಂಟ್, ಡಿಡಿಎಲ್ ಅಂಟು ಸೇರಿಸಿ. ನಮ್ಮಪ್ಪನ ಕಾಲದಲ್ಲಿ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಿದ್ದರು. ತಾರಸಿಗೆ ನೀರು ಚಿಮುಕಿಸಿ, ಹಸಿ ಇರುವಾಗಲೇ ಹೊಡೆಯಿರಿ. ತೆಳುವಾಗಿ ಮೂರು ಕೋಟು. ದಪ್ಪ ಒಂದು ಕೋಟು ಹೊಡೆದರೆ ಚಕ್ಕೆ ಏಳುತ್ತದೆ.

ಇಮ್ರಾನ್ · 1:52

ಸುಣ್ಣ ಹೊಡೆದರೆ ತಂಪಾಗುತ್ತದೆ ಅನ್ನೋದು ನಿಜಾನಾ, ಇಲ್ಲ ಸುಮ್ನೆ ಹೇಳ್ತಾರಾ?

ಗಿರೀಶ್ ಸಿವಿಲ್ · 2:05

ನಿಜ. ಹೊಸ ಸುಣ್ಣ ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲನ್ನು ವಾಪಸ್ ಕಳಿಸುತ್ತದೆ. ಹಳೆಯ ಕಪ್ಪಾದ ಕಾಂಕ್ರೀಟು ಮುಕ್ಕಾಲು ಪಾಲನ್ನು ನುಂಗುತ್ತದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದ್‌ನಲ್ಲಿ ಬಿಸಿಲು 46.8 ಡಿಗ್ರಿ ಮುಟ್ಟಿತ್ತು. ಆ ಒಂದೇ ತಿಂಗಳಲ್ಲಿ ಮಾಮೂಲಿಗಿಂತ 1300ಕ್ಕೂ ಜಾಸ್ತಿ ಜನ ಸತ್ತರು. ಆಮೇಲೆ 2013ರಲ್ಲಿ ಆ ನಗರ ಬಿಸಿಲಿಗಾಗಿಯೇ ಒಂದು ಯೋಜನೆ ಮಾಡಿತು. ಮುಂದೆ ಬಡವರ ಮನೆಗಳ ತಾರಸಿಗೆ ಸುಣ್ಣ ಹೊಡೆಸುವ ಕೆಲಸವೂ ಅದರಲ್ಲಿ ಸೇರಿತು. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆ ಪ್ರತ್ಯೇಕ ನೀತಿಯನ್ನೇ ತಂದಿದೆ.

ರಘು ಬಿ.ಎಂ. ರೋಡ್ · 2:11

ಅಹಮದಾಬಾದ್ ಎಲ್ಲಿ, ಹಾಸನ ಎಲ್ಲಿ. ನಮ್ಮಲ್ಲಿ 46 ಯಾವತ್ತೂ ಬರಲ್ಲ.

ರೂಪಾ ಅರಸೀಕೆರೆ · 2:19

ಬೆಂಗಳೂರಿನವರೂ ಹೀಗೇ ಅನ್ನುತ್ತಿದ್ದರು. 2016ರ ಏಪ್ರಿಲ್ 25ಕ್ಕೆ ಅಲ್ಲಿ 39.2 ಆಯಿತು. 46 ಆಗಬೇಕಿಲ್ಲ ರಘು. ಬಿಸಿಲಿಗೆ ಒಗ್ಗದ ಊರು, ಬಿಸಿಲಿಗೆ ಕಟ್ಟದ ಮನೆ, ಅಲ್ಲಿ 36ಕ್ಕೇ ವಯಸ್ಸಾದವರು ಬೀಳುತ್ತಾರೆ. ಸುಮಕ್ಕನ ಅತ್ತೆಯೇ ಬಿದ್ದರಲ್ಲ.

ಮೂಡಿಗೆರೆ ತೋಟದವ · ಸಂಜೆ 4:30

ಸುಣ್ಣದ ಮಾತು ಹಾಸನಕ್ಕೆ ಸರಿ, ನಮ್ಮ ಕಡೆಗೆ ಅಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಎರಡೇ ತಿಂಗಳಿಗೆ ಬಿಳಿ ತಾರಸಿ ಕಪ್ಪಗೆ ಪಾಚಿ ಕಟ್ಟುತ್ತದೆ. ನಾನು ಒಂದು ಸಲ ದುಬಾರಿ ಬಿಳಿ ಪೇಂಟು ಹೊಡೆಸಿ ಹಣ ಕಳೆದುಕೊಂಡೆ. ಆಮೇಲೆ ಮೋಲ್ಡಿನ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಮಂಗಳೂರು ಹಂಚು ಹೊದಿಸಿದೆ. ಕೋತಿ ಹಂಚು ಒಡೆದರೂ ಕೆಳಗೆ ಮೋಲ್ಡ್ ಇದೆ, ಸೋರುವುದಿಲ್ಲ. ಹಂಚಿಗೂ ಮೋಲ್ಡಿಗೂ ನಡುವೆ ಗಾಳಿ ಆಡುತ್ತದೆ. ಕಾಳುಮೆಣಸು, ಕಾಫಿ ಚೀಲ ಇಡಲು ಜಾಗವೂ ಆಯಿತು.

ತೋಟದವರಿಗೆ ಇದು ಗೊತ್ತಿರುವ ವಿಷಯವೇ. ನೆರಳಿನ ಮರ ಜಾಸ್ತಿ ಕಡಿದ ತೋಟಕ್ಕೆ ಕಾಲಿಟ್ಟರೆ ಮುಖಕ್ಕೆ ಝಳ ಹೊಡೆಯುತ್ತದೆ. ಪಕ್ಕದ ತೋಟದಲ್ಲಿ ಮರ ಇದ್ದರೆ ಬೇಲಿ ದಾಟಿದ ಕೂಡಲೇ ತಂಪು. ಬಿಸಿಲು ಒಂದೇ, ಮಣ್ಣು ಒಂದೇ. ಗಿಡಕ್ಕೆ ನೆರಳು ಬೇಕೆಂದು ತಿಳಿದ ನಾವೇ ಪೇಟೆಯಲ್ಲಿ ಮನೆ ಕಟ್ಟುವಾಗ ಸೈಟಿನಲ್ಲಿದ್ದ ಹಲಸಿನ ಮರ ಕಡಿಸುತ್ತೇವೆ.

ಶಾಂತಲಾ ಬೇಲೂರು · 4:41

ಈ ಸಲ ಕಾಫಿ ಹೂ ಬಿಡಿಸುವ ಹೂಮಳೆ ಆಯ್ತಾ ನಿಮಗೆ?

ಮೂಡಿಗೆರೆ ತೋಟದವ · 4:44

ಒಂದು ಹನಿ ಇಲ್ಲ. ಸ್ಪ್ರಿಂಕ್ಲರ್ ಓಡಿಸುತ್ತಿದ್ದೇನೆ.

ಇಮ್ರಾನ್ · 5:10

ನೀವೆಲ್ಲ ಸ್ವಂತ ಮನೆಯವರು. ನಾನು ಮಹಡಿ ಮೇಲಿನ ಶೀಟಿನ ರೂಮಲ್ಲಿ ಬಾಡಿಗೆಗಿದ್ದೇನೆ. ಗ್ಯಾರೇಜ್ ಕೆಲಸ ಮುಗಿಸಿ ಬಂದರೆ ರಾತ್ರಿ ಒಂಬತ್ತಕ್ಕೂ ಒಳಗೆ ಕೂರೋಕಾಗಲ್ಲ. ಮಗುಗೆ ಮೈತುಂಬ ಬೆವರುಗುಳ್ಳೆ. ಓನರ್‌ಗೆ ಹೇಳಿದರೆ ಬೇಕಾದರೆ ಇರಿ ಅಂತಾರೆ. ನಮ್ಮಂಥವರಿಗೆ ಏನಿದೆ?

ಮಂಜಣ್ಣ ಮೇಸ್ತ್ರಿ · 5:25

ಇಮ್ರಾನ್, ಶೀಟಿಗೆ ಸುಣ್ಣ ನಿಲ್ಲುವುದಿಲ್ಲ, ಬಿಳಿ ಪೇಂಟೇ ಆಗಬೇಕು. ತುಕ್ಕು ಉಜ್ಜಿ ಪ್ರೈಮರ್ ಹೊಡೆದು ಹಚ್ಚಿ. ಖರ್ಚು ನಿಮ್ಮದು, ಕೆಲಸ ನನ್ನದು, ಕೂಲಿ ಬೇಡ. ಓನರ್ ಒಪ್ಪಿಗೆ ಮಾತ್ರ ತಗೊಳ್ಳಿ. ಒಳಗೆ ಥರ್ಮಾಕೋಲ್ ಬಡಿಯಬೇಡಿ, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಗೋಡೆ ಮೇಲ್ಭಾಗದಲ್ಲಿ ಎದುರುಬದುರು ಎರಡು ಕಡೆ ಬಿಸಿ ಗಾಳಿ ಹೋಗಲು ಕಿಂಡಿ ಬಿಡಿಸಬೇಕು. ಭಾನುವಾರ ಬಂದು ನೋಡುತ್ತೇನೆ.

ಇಮ್ರಾನ್ · 5:31

ಮಂಜಣ್ಣ, ತುಂಬಾ ಥ್ಯಾಂಕ್ಸ್. ಓನರ್ ಹತ್ರ ಇವತ್ತೇ ಮಾತಾಡ್ತೀನಿ.

ರೂಪಾ ಅರಸೀಕೆರೆ · 5:48

ಮಂಜಣ್ಣ, ಬಿಸಿಲಲ್ಲಿ ಕೆಲಸ ಮಾಡುವ ನಿಮ್ಮ ಕಡೆಯವರ ಕಥೆ ಏನು? ಅದನ್ನು ಯಾರೂ ಕೇಳಲಿಲ್ಲ.

ಮಂಜಣ್ಣ ಮೇಸ್ತ್ರಿ · 6:15

ಕೇಳಿದಿರಲ್ಲ ತಾಯಿ. ಗಾರೆ ಕೆಲಸವನ್ನಾದರೆ ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಹನ್ನೊಂದೂವರೆಗೆ ನಿಲ್ಲಿಸಿ, ಮತ್ತೆ ಮೂರೂವರೆಗೆ ಹಿಡಿಯಬಹುದು. ಮೋಲ್ಡ್ ಹಾಕುವ ದಿನ ಹಾಗಾಗುವುದಿಲ್ಲ. ಕಾಂಕ್ರೀಟು ಶುರು ಮಾಡಿದರೆ ನಡುವೆ ಬಿಡುವಂತಿಲ್ಲ. ಸೆಂಟ್ರಿಂಗ್ ಶೀಟಿನ ಮೇಲೆ ಕಬ್ಬಿಣದ ಕಂಬಿ, ಬರಿಗೈಲಿ ಮುಟ್ಟಿದರೆ ಬೊಬ್ಬೆ. ಹೋದ ವರ್ಷ ನಮ್ಮ ಜೊತೆಯ ಹೆಂಗಸೊಬ್ಬರು ಬಾಂಡ್ಲಿ ಹೊತ್ತವರು ಹಾಗೇ ಕುಸಿದರು. ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಬೀಸಿದೆವು, ಉಳಿದರು. ಅವತ್ತು ಸೈಟಿನಲ್ಲಿ ಕುಡಿಯುವ ನೀರು ಖಾಲಿಯಾಗಿತ್ತು, ತರಿಸಿ ಎಂದು ಬೆಳಿಗ್ಗೆಯೇ ಹೇಳಿದ್ದೆ. ಈಗ ನಾನು ನೀರಿನ ಡ್ರಮ್, ಉಪ್ಪು ಹಾಕಿದ ಮಜ್ಜಿಗೆ, ಒಂದು ನೆರಳಿನ ಚಪ್ಪರ ಇಲ್ಲದ ಕಡೆ ಕೆಲಸಕ್ಕೆ ಬರುವುದಿಲ್ಲ. ಮನೆ ಕಟ್ಟಿಸುವವರು ಇದನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಸುಮಾ ವಿದ್ಯಾನಗರ · ರಾತ್ರಿ 8:05

ಮಂಜಣ್ಣ, ನಮ್ಮ ಮನೆ ಕೆಲಸದಲ್ಲಿ ಅದು ಖಂಡಿತ ಇರುತ್ತದೆ. ಎಲ್ಲರೂ ಇಷ್ಟು ಬರೆದದ್ದಕ್ಕೆ ವಂದನೆ. ಗ್ಲಾಸ್ ಬೇಡ ಎಂದು ಈಗಾಗಲೇ ಹೇಳಿಬಿಟ್ಟೆ. ಇನ್ನು ಗೋಡೆಗೆ ಏನು? ಮಗಳು ಮಣ್ಣಿನ ಬ್ಲಾಕ್ ಅನ್ನುತ್ತಿದ್ದಾಳೆ. ಅದು ಮಳೆಗೆ ನಿಲ್ಲುತ್ತದಾ? ಸಿಮೆಂಟಿನ ಬಗ್ಗೆ ಅವಳು ಹೇಳೋದು ನಿಜವಾ?

ಗಿರೀಶ್ ಸಿವಿಲ್ · 9:20

ನಿಮ್ಮ ಮಗಳು ಹೇಳಿದ್ದರಲ್ಲಿ ನಿಜ ಇದೆ. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 8 ಶೇಕಡಾ ಸಿಮೆಂಟಿನದು. ಕಾರಣ ಬರೀ ಕಲ್ಲಿದ್ದಲು ಅಲ್ಲ. 100 ಕೆಜಿ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಉಳಿಯುವುದು 56 ಕೆಜಿ ಸುಣ್ಣ. ಮಿಕ್ಕ 44 ಕೆಜಿ ಕಲ್ಲಿನೊಳಗಿಂದಲೇ ಅನಿಲವಾಗಿ ಹೋಗುತ್ತದೆ. ಸೌರ ವಿದ್ಯುತ್ತಿನಲ್ಲಿ ಸುಟ್ಟರೂ ಅದು ಹೋಗಿಯೇ ಹೋಗುತ್ತದೆ.

ನಿಮ್ಮ ಮನೆಗೆ ಲೆಕ್ಕ ಹಾಕೋಣ. ಚದರಡಿಗೆ 0.4 ಚೀಲ ಎಂಬ ಮಾಮೂಲಿ ಅಂದಾಜು ಹಿಡಿದರೆ 1200 ಚದರಡಿಗೆ 480 ಚೀಲ, ಅಂದರೆ 24 ಟನ್. ಓಪಿಸಿ, ಅಂದರೆ ಬೂದಿ ಬೆರೆಸದ ಮಾಮೂಲಿ ಸಿಮೆಂಟಾದರೆ ಹೆಚ್ಚುಕಡಿಮೆ 20 ಟನ್ ಇಂಗಾಲದ ಡೈಆಕ್ಸೈಡ್. ಅದೇ ಪಿಪಿಸಿ ತಗೊಂಡರೆ ಅದರಲ್ಲಿ 15ರಿಂದ 35 ಶೇಕಡಾ ಕಲ್ಲಿದ್ದಲು ಸುಟ್ಟ ಹಾರುಬೂದಿ, ಅಷ್ಟು ಸುಡುವುದು ತಪ್ಪಿತು. ಸ್ಲ್ಯಾಗ್ ಸಿಮೆಂಟಿನಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟ ಇನ್ನೂ ಜಾಸ್ತಿ ಇರುತ್ತದೆ. ಈಗ ಎಲ್‌ಸಿ3 ಎಂಬ ಹೊಸ ಬಗೆಯ ಸಿಮೆಂಟ್ ಬಂದಿದೆ. ಅರ್ಧ ಮಾತ್ರ ಕ್ಲಿಂಕರ್, ಅಂದರೆ ಗೂಡಿನಲ್ಲಿ ಸುಟ್ಟು ತೆಗೆದ ಸಿಮೆಂಟಿನ ಉಂಡೆ; ಉಳಿದದ್ದು ಬಹುಪಾಲು ಹದವಾಗಿ ಸುಟ್ಟ ಜೇಡಿ ಮತ್ತು ಸುಡದ ಸುಣ್ಣದ ಕಲ್ಲಿನ ಪುಡಿ. ಕ್ಲಿಂಕರ್‌ಗೆ 1450 ಡಿಗ್ರಿ ಬೇಕು, ಜೇಡಿಗೆ 800ರ ಆಸುಪಾಸು ಸಾಕು. ನಮ್ಮ ಐಐಟಿಗಳೂ ಸೇರಿ ಮಾಡಿದ ಕೆಲಸ ಅದು. 2023ರಲ್ಲಿ ಅದಕ್ಕೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡವೂ ಬಂತು.

ಪಿಪಿಸಿ ಬಲವಿಲ್ಲ ಅನ್ನುವವರ ಮಾತು ಕೇಳಬೇಡಿ. ನಿಧಾನಕ್ಕೆ ಗಟ್ಟಿಯಾಗುತ್ತದೆ, ಅಷ್ಟೇ. ಏಳು ದಿನ ನೀರು ಹಾಯಿಸುವಲ್ಲಿ ಹತ್ತು ದಿನ ಹಾಯಿಸಿ.

ನಾಗು ಹೊಳೆನರಸೀಪುರ · 9:34

ಹಾಗಾದರೆ ತಾರಸಿಗೆ ಸುಣ್ಣ ಹೊಡೆಯೋದೂ ಅದೇ ಪಾಪ ಅಲ್ವಾ? ಅದೂ ಸುಟ್ಟ ಕಲ್ಲೇ.

ಗಿರೀಶ್ ಸಿವಿಲ್ · 9:41

ಒಳ್ಳೆ ಪ್ರಶ್ನೆ ನಾಗು. ಹಚ್ಚಿದ ಸುಣ್ಣ ಗಟ್ಟಿಯಾಗುವುದೇ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗಿ. ಕಲ್ಲಿನಿಂದ ಹೋದದ್ದು ಬಹುಪಾಲು ವಾಪಸ್ ಬರುತ್ತದೆ. ಗೂಡಿನ ಉರುವಲಿನದು ಬರುವುದಿಲ್ಲ. ಜೊತೆಗೆ ತಾರಸಿಗೆ ಬೇಕಾಗುವುದು ಕೆಲವು ಚೀಲ ಮಾತ್ರ.

ಮಂಜಣ್ಣ ಮೇಸ್ತ್ರಿ · 9:50

ಸಿಮೆಂಟು ಸರಿ. ಮಣ್ಣಿನ ಬ್ಲಾಕಿಗೆ ನನ್ನ ಒಪ್ಪಿಗೆ ಇಲ್ಲ. ಮಣ್ಣು ಮಣ್ಣೇ. ನಮ್ಮ ಮಳೆಗೆ ಕರಗುತ್ತದೆ.

ಶಾಂತಲಾ ಬೇಲೂರು · 10:02

ಮಂಜಣ್ಣ, ನಮ್ಮ ಮನೆಯೇ ಅದರದ್ದು. ಹನ್ನೆರಡು ಮಳೆಗಾಲ ಕಂಡಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಅಸ್ತ್ರ ಅಂತ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಒಂದು ವಿಭಾಗ ಶುರುವಾಯಿತು. ಅಲ್ಲಿ ಬೆಳೆದ ಪದ್ಧತಿ ಇದು. ಮರ್ದಿನಿ ಎಂಬ ಕೈಯಿಂದ ಒತ್ತುವ ಯಂತ್ರವೂ ಅವರದ್ದೇ. ನಮ್ಮ ಸೈಟಿನಲ್ಲಿ ಪಾಯ ತೆಗೆದ ಕೆಂಪು ಮಣ್ಣನ್ನೇ ಜರಡಿ ಹಿಡಿದು, ಮರಳು ಬೆರೆಸಿ, 7 ಶೇಕಡಾ ಸಿಮೆಂಟ್ ಹಾಕಿ ಒತ್ತಿದೆವು. ಗೂಡಿನಲ್ಲಿ ಸುಡುವ ಮಾತೇ ಇಲ್ಲ. ಮೂರು ವಾರ ಹುಲ್ಲು ಮುಚ್ಚಿ ನೀರು ಚಿಮುಕಿಸಿದೆವು.

ನಮ್ಮ ಮೇಸ್ತ್ರಿಯೂ ನಿಮ್ಮ ಹಾಗೇ ಅಂದಿದ್ದರು. ಒಂದು ಬ್ಲಾಕನ್ನು ಬಕೆಟ್ ನೀರಲ್ಲಿ ಮುಳುಗಿಸಿ ಇಟ್ಟೆ. ಮಾರನೇ ದಿನ ಅವರೇ ತೆಗೆದು ಉಗುರಿನಿಂದ ಕೆರೆದು ನೋಡಿದರು. ಮೂಲೆ ಕೂಡ ಉದುರಿರಲಿಲ್ಲ. ನಂತರ ಮಾತಾಡಲಿಲ್ಲ, ಕಟ್ಟಿದರು. ಎರಡು ಅಡಿ ಪಾಯದ ಕಲ್ಲು, ಸುತ್ತ ಎರಡಡಿ ಸಜ್ಜಾ ಇರಲೇಬೇಕು. ಕಪ್ಪು ಎರೆಮಣ್ಣು ಮಾತ್ರ ಆಗುವುದಿಲ್ಲ.

ಕಷ್ಟ ಆದದ್ದು ಸಾಲಕ್ಕೆ. ಒಂದು ಬ್ಯಾಂಕಿನವರು ಮಣ್ಣಿನ ಮನೆಗೆ ಕೊಡುವುದಿಲ್ಲ ಎಂದರು. ಎರಡು ತಿಂಗಳು ಓಡಾಡಿಸಿದರು. ಬ್ಲಾಕಿನ ಬಲ ಪರೀಕ್ಷೆ ಮಾಡಿಸಿದ ವರದಿ ಹಿಡಿದು ಬೇರೆ ಕಡೆ ಹೋದ ಮೇಲೆ ಸಿಕ್ಕಿತು. ಸುಮಕ್ಕ, ಆ ವರದಿ ಮೊದಲೇ ಮಾಡಿಸಿಟ್ಟುಕೊಳ್ಳಿ.

ಮಂಜಣ್ಣ ಮೇಸ್ತ್ರಿ · 10:15

ನಿಮ್ಮ ಮನೆ ಬಂದು ನೋಡಬಹುದಾ ತಾಯಿ? ಕಣ್ಣಾರೆ ನೋಡಿದರೆ ಒಪ್ಪುತ್ತೇನೆ.

ಶಾಂತಲಾ ಬೇಲೂರು · 10:16

ಧಾರಾಳವಾಗಿ ಬನ್ನಿ. ಊಟಕ್ಕೇ ಬನ್ನಿ.

ಗಿರೀಶ್ ಸಿವಿಲ್ · ಮಾರ್ಚ್ 10, ಬೆಳಿಗ್ಗೆ 7:40

ಸುಮಾ ಮೇಡಂ, ಒಂದು ಎಚ್ಚರಿಕೆ. ಹಳೆಯ ಪಾಯ, ಕಂಬ ಮೇಲಿನ ತೂಕ ತಡೆಯುತ್ತದೆಯೇ ಎಂದು ಸ್ಟ್ರಕ್ಚರಲ್ ಇಂಜಿನಿಯರ್ ಹತ್ತಿರ ನೋಡಿಸದೆ ಒಂದು ಬ್ಲಾಕೂ ಇಡಬೇಡಿ. ಛಾವಣಿಗೆ ಫಿಲ್ಲರ್ ಸ್ಲ್ಯಾಬ್ ಕೇಳಿ. ಮೋಲ್ಡಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವುದಿಲ್ಲ, ಎಳೆತವನ್ನು ಕಂಬಿಯೇ ಹೊರುತ್ತದೆ. ಆ ಜಾಗದಲ್ಲಿ ಜೋಡಿ ಮಂಗಳೂರು ಹಂಚು ಕೂರಿಸಿದರೆ ಐದನೇ ಒಂದು ಪಾಲಿನಷ್ಟು ಕಾಂಕ್ರೀಟು ಉಳಿಯುತ್ತದೆ, ಹಂಚಿನ ನಡುವಿನ ಗಾಳಿ ಬಿಸಿಯನ್ನೂ ಸ್ವಲ್ಪ ತಡೆಯುತ್ತದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇದನ್ನು ಎಷ್ಟೋ ಮನೆಗೆ ಮಾಡಿದರು. ಅದರ ಮೇಲೆ ಬಿಳಿ ಟೈಲ್ಸ್ ಚೂರು ಹಾಸಿದರೆ ವರ್ಷವರ್ಷ ಸುಣ್ಣದ ಕೆಲಸವೂ ಇರುವುದಿಲ್ಲ.

ನಾಗು ಹೊಳೆನರಸೀಪುರ · 8:02

ರಾತ್ರಿ ಕಿಟಕಿ ತೆಗೆದಿಡೋದು ಯಾರೂ ಹೇಳಲಿಲ್ಲ. ಹಾಸನದಲ್ಲಿ ಇವತ್ತಿಗೂ ರಾತ್ರಿ ಗಾಳಿ ತಂಪೇ ಇರುತ್ತದೆ. ಸೊಳ್ಳೆಗೆ ಹೆದರಿ ಆರು ಗಂಟೆಗೇ ಎಲ್ಲರೂ ಮುಚ್ಚುತ್ತಾರೆ. ಮೊದಲು ಸೊಳ್ಳೆ ಜಾಲರಿ ಹಾಕಿಸಿ.

ನಿವೃತ್ತ ಮೇಷ್ಟ್ರು · 8:30

ಸೊಳ್ಳೆ ಎಂದಾಗ ನೆನಪಾಯಿತು. ನಿನ್ನೆ ಮೊಮ್ಮಗನನ್ನು ಕಟ್ಟಿನಕೆರೆ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ತಾತ, ಇಲ್ಲಿ ಕೆರೆ ಎಲ್ಲಿ ಎಂದು ಕೇಳಿದ. ಏನು ಹೇಳಲಿ? ಒಬ್ಬೊಬ್ಬರೂ ತಾರಸಿ ಬಿಳಿ ಮಾಡುವುದು ಒಳ್ಳೆಯದೇ. ಆದರೆ ಉಳಿದ ಕೆರೆಗಳನ್ನೂ ರಸ್ತೆ ಬದಿಯ ಹೊಂಗೆ ಮರಗಳನ್ನೂ ಕಾಯುವುದು ಒಬ್ಬರಿಂದ ಆಗುವುದಿಲ್ಲ. ವಾರ್ಡ್ ಸಭೆಗೆ ಹತ್ತು ಜನ ಹೋಗೋಣ ಎಂದರೆ ನಾನು ಮೊದಲು ಬರುತ್ತೇನೆ.

ರೂಪಾ ಅರಸೀಕೆರೆ · 8:36

ಅರಸೀಕೆರೆಯಿಂದ ನಾನೂ ಬರುತ್ತೇನೆ ಮೇಷ್ಟ್ರೇ. ದಿನ ಹೇಳಿ.

ಇಮ್ರಾನ್ · ಮಾರ್ಚ್ 17, ರಾತ್ರಿ 9:40

ಓನರ್ ಒಪ್ಪಿದರು. ಮಂಜಣ್ಣ ಬಂದು ಎರಡು ಕಿಂಡಿ ಬಿಟ್ಟು, ಪೇಂಟ್ ಮುಗಿಸಿಕೊಟ್ಟರು. ಬಿಸಿ ಪೂರ್ತಿ ಹೋಗಿಲ್ಲ. ಆದರೆ ಒಂಬತ್ತಕ್ಕೆ ಒಳಗೆ ಕೂತು ಊಟ ಮಾಡಿದ್ವಿ.

ಸುಮಾ ವಿದ್ಯಾನಗರ · ಏಪ್ರಿಲ್ 24, ರಾತ್ರಿ 10:20

ಹೇಳಲು ತಡವಾಯಿತು. ಮಗನಿಗೆ ಸುಣ್ಣದ ಮೇಲೆ ನಂಬಿಕೆ ಇರಲಿಲ್ಲ. ಅರ್ಧ ತಾರಸಿಗೆ ಮಾತ್ರ ಹೊಡೆಸಿ ನೋಡೋಣ ಎಂದು ಪಂಥ ಕಟ್ಟಿದ. ಮಂಜಣ್ಣ ನಡುವೆ ದಾರ ಹಿಡಿದು ಗೆರೆ ಎಳೆದು ಮೂರು ಕೋಟು ಹೊಡೆದರು. ಗಿರೀಶ್ ಸರ್ ಬಿಸಿ ಅಳೆಯುವ ಗನ್ನು ಕೊಟ್ಟು ಕಳಿಸಿದರು.

ಇವತ್ತು ಮೇಷ್ಟ್ರು ಹೇಳಿದ ದಿನ. 12:25ಕ್ಕೆ ಮಗಳು ಪೊರಕೆ ನಿಲ್ಲಿಸಿ ನೋಡಿದಳು, ನೆರಳು ಅದರ ಬುಡದಲ್ಲೇ ಇತ್ತು. ಎರಡು ಗಂಟೆಗೆ ಅಳೆದಾಗ ಸುಣ್ಣ ಇಲ್ಲದ ಕಡೆ 56, ಇದ್ದ ಕಡೆ 41. ಮಗ ನಂಬದೆ ಚಪ್ಪಲಿ ಬಿಟ್ಟು ಗೆರೆಯ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟ. ಒಂದು ಕಾಲನ್ನು ತಕ್ಷಣ ಎತ್ತಿಕೊಂಡ. ಈಗ ರಾತ್ರಿ ಹತ್ತಕ್ಕೆ ಒಳಗಿನಿಂದ ಮೋಲ್ಡಿಗೆ ಗುರಿ ಹಿಡಿದರೆ ಒಂದು ಕಡೆ 36, ಇನ್ನೊಂದು ಕಡೆ 32 ಚಿಲ್ಲರೆ. ಅತ್ತೆಗೆ ಈ ಲೆಕ್ಕ ಯಾವುದೂ ನಾವು ಹೇಳಿರಲಿಲ್ಲ. ಹೋದ ವಾರದಿಂದ ತಾವಾಗಿಯೇ ಚಾಪೆಯನ್ನು ಹಾಲಿನ ಆ ಬದಿಗೆ ಎಳೆದುಕೊಂಡು ಮಲಗುತ್ತಿದ್ದಾರೆ. ತಲೆಯ ಹತ್ತಿರ ಚೊಂಬಿನಲ್ಲಿ ನೀರೂ ಇರುತ್ತದೆ.

ಉಳಿದರ್ಧಕ್ಕೆ ನಾಳೆಯೇ ಸುಣ್ಣ ಬೇಕು. ಮಂಜಣ್ಣ, ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತೀರಿ?

ಮಂಜಣ್ಣ ಮೇಸ್ತ್ರಿ · 10:31

ಆರೂವರೆಗೆ. ಸುಣ್ಣ ಈಗಲೇ ಅರಳಲು ಹಾಕುತ್ತೇನೆ ಅಕ್ಕ. ಶಾಂತಲಮ್ಮನವರ ಮನೆಯ ಗೋಡೆ ನೋಡಿ ಬಂದೆ, ಅದನ್ನೂ ನಾಳೆ ಮಾತಾಡೋಣ.